ಕೀಲು ಮರಗಟ್ಟಿದ ಹೊತ್ತು

ನೋವಿನ ಕ್ಲಿನಿಕ್ ತೆರೆಯುತ್ತೇನೆ ಎಂದು ನಾನು ಮನೆಯಲ್ಲಿ ಹೇಳಿದ ದಿನ ನಮ್ಮತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆಯೆತ್ತಿ, "ಅದೆಂಥದು ಮಾರಾಯ್ತಿ, ಕಣ್ಣಿಗೊಬ್ರು ಡಾಕ್ಟ್ರು, ಹಲ್ಲಿಗೊಬ್ರು ಡಾಕ್ಟ್ರು ಇದಾರೆ, ಸರಿ. ಬರೀ ನೋವಿಗೂ ಒಬ್ರು ಬೇಕಾ?" ಎಂದು ಕೇಳಿದ್ದರು. ನನಗೆ ಸಿಟ್ಟು ಬಂದಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಶಿವಮೊಗ್ಗದಲ್ಲಿ ನನ್ನ ಹೆಸರು ಗೊತ್ತಿಲ್ಲದವರೂ 'ಬೈಯೋ ಡಾಕ್ಟ್ರಮ್ಮ' ಎಂದರೆ ಆಟೋದವರಿಗೆ ದಾರಿ ಹೇಳಬಲ್ಲರು.

ನಾನು ಅರಿವಳಿಕೆ ಡಾಕ್ಟರು. ಆಪರೇಷನ್ ಥಿಯೇಟರಿನಲ್ಲಿ ರೋಗಿಯನ್ನು ನಿದ್ದೆಗೆ ಕಳಿಸಿ, ಕೆಲಸ ಮುಗಿದ ಮೇಲೆ ಎಬ್ಬಿಸಿ, ವಾರ್ಡಿಗೆ ದಾಟಿಸುವುದು ನನ್ನ ಪಾಲಿನ ಕೆಲಸ. ಅಲ್ಲಿಂದಾಚೆ ಅವರ ನೋವು ಅವರದು. ಎಷ್ಟೋ ವರ್ಷ ಹಾಗೇ ನಡೆಯಿತು. ಆಮೇಲೆ ವಾರ್ಡಿನಿಂದ ಮನೆಗೆ ಹೋದವರು ತಿಂಗಳುಗಟ್ಟಲೆ ಕಳೆದರೂ ನೋವು ಹೋಗಿಲ್ಲವೆಂದು ತಿರುಗಿ ಬರತೊಡಗಿದರು. ಅವರನ್ನು ಯಾರೂ ಕೂರಿಸಿ ಕೇಳುತ್ತಿರಲಿಲ್ಲ. ಆ ಕೆಲಸಕ್ಕೆ ಬಿದ್ದವಳು ನಿವೃತ್ತಿಯಾಗುವವರೆಗೂ ಅದರಲ್ಲೇ ಉಳಿದೆ. ಈಗ ಆಲ್ಕೊಳದ ಮನೆಯಲ್ಲಿ ಕೂತಿದ್ದೇನೆ, ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಫೋನು ಮಾಡಿ ಎಷ್ಟು ಎಂ.ಎಲ್. ಕೊಡಬೇಕು, ಯಾವ ಸೂಜಿ ಎಂದು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಿ ಎಂದು ಬೈದು ಫೋನಿಡುತ್ತೇನೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ಬರುತ್ತಿದ್ದವರಲ್ಲಿ ಸೊಂಟದ ಕೀಲಿಗೆ ಆರ್ತ್ರೋಸ್ಕೋಪಿ ಮಾಡಿಸಿಕೊಂಡವರದು ಒಂದು ಗುಂಪು. ಸಣ್ಣ ತೂತು ಮಾಡಿ, ಕೀಲಿನೊಳಗೆ ಕ್ಯಾಮೆರಾ ಇಳಿಸಿ, ಹರಿದ ಅಂಚನ್ನು ಹೊಲಿದು, ಉಬ್ಬಿದ ಎಲುಬನ್ನು ತರಿದು ಬರುವ ಆಪರೇಷನ್ ಅದು. ನಮ್ಮೂರಲ್ಲಿ ಬಹಳ ಕಾಲ ಇರಲಿಲ್ಲ. ಜನ ಘಟ್ಟ ಇಳಿದೋ ಬೆಂಗಳೂರಿಗೆ ಹೋಗಿಯೋ ಮಾಡಿಸಿಕೊಂಡು ಬರುತ್ತಿದ್ದರು. ಆಪರೇಷನ್ ಅಲ್ಲಿ, ನೋವು ಇಲ್ಲಿ. ಗಾಯ ನೋಡಿದರೆ ಗುಂಡಿಯಷ್ಟೂ ಇಲ್ಲ, ಮತ್ಯಾಕೆ ಇಷ್ಟು ನೋವು ಎಂದು ಮನೆಯವರಿಗೆ ಗುಮಾನಿ. ಮೊದಲ ಕೆಲವು ವಾರ ನೋವಿರುವುದು ಸಹಜ, ಮಂಜುಗಡ್ಡೆ, ಮಾತ್ರೆ, ವ್ಯಾಯಾಮ, ಇಷ್ಟರಲ್ಲಿ ದಾಟಬೇಕು ಎಂದರೆ ಯಾರಿಗೂ ಸಮಾಧಾನವಿಲ್ಲ. "ಒಂದ್ ಸೂಜಿ ಹಾಕ್ಬಿಡಿ ಮೇಡಂ" ಎನ್ನುತ್ತಾರೆ. ಹೊಸದಾಗಿ ಹೊಲಿದ ಕೀಲಿಗೆ ಅವಸರದಲ್ಲಿ ಸೂಜಿ ಹಾಕಿದರೆ ಕೀವಾಗುವ ಭಯ ಇದೆ. ಹಾಕುವುದಿಲ್ಲ ಎಂದಾಗ ನನ್ನನ್ನು ಬೈದುಕೊಂಡು ಬೇರೆ ಕಡೆ ಹೋದವರುಂಟು. ಹೋಗಲಿ.

ಸೂಜಿ ಹಾಕುವುದು ಆಮೇಲೆ, ತಿಂಗಳುಗಳು ಕಳೆದರೂ ನೋವು ನಿಂತೇ ಇದ್ದರೆ. ಅದರಲ್ಲಿ ಎರಡು ಮದ್ದು ಸೇರಿರುತ್ತವೆ. ಒಂದು ಕೀಲನ್ನು ಮರಗಟ್ಟಿಸುವಂಥದು, ಅದು ಕೂಡಲೇ ಹಿಡಿದು ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಇನ್ನೊಂದು ಸ್ಟೆರಾಯ್ಡು, ಅದು ನಿಧಾನವಾಗಿ ಹತ್ತಿ ಕೆಲವು ವಾರವೋ ತಿಂಗಳೋ ಊತ ಇಳಿಸುತ್ತದೆ. ಜನರಿಗೆ ಬೇಕಾದ್ದು ಎರಡನೆಯದು. ನನಗೆ ಮುಖ್ಯವಾದದ್ದು ಮೊದಲನೆಯದು. ಯಾಕೆಂದು ಹೇಳುತ್ತೇನೆ.

ಒಬ್ಬರು ಹೈಸ್ಕೂಲ್ ಟೀಚರು ಬರುತ್ತಿದ್ದರು. ಸೊಂಟ ನೋವು ಎಂದು ಬೆನ್ನಿಗೆ ಬೆಲ್ಟು ಕಟ್ಟಿ, ಬೆನ್ನಿಗೆ ಸ್ಕ್ಯಾನು ಮಾಡಿಸಿ, ಬೆನ್ನಿಗೇ ಎರಡು ಸಲ ಇಂಜೆಕ್ಷನ್ನೂ ಹಾಕಿಸಿಕೊಂಡಿದ್ದರು. ನಮ್ಮಲ್ಲಿ ಬೆನ್ನಿನ ಬುಡದಿಂದ ತೊಡೆಯವರೆಗೆ ಎಲ್ಲಿ ನೊಂದರೂ ಸೊಂಟವೇ. ಒಂದೇ ಬೆರಳಲ್ಲಿ ನೋವಿರುವ ಜಾಗ ತೋರಿಸಿ ಎಂದೆ. ಗಂಡ ಪಕ್ಕದಲ್ಲಿ ನಿಂತಿದ್ದರು, ಈಕೆ ಬೆನ್ನನ್ನೇ ತೋರಿಸಿದರು. ಗಂಡನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ ಮೇಲೆ ಬೆರಳು ತೊಡೆಸಂದಿಗೆ ಬಂತು. ಸೊಂಟದ ಕೀಲು ನೋಯುವುದು ಅಲ್ಲೇ. ಆ ಜಾಗವನ್ನು ಗಂಡಸು ಡಾಕ್ಟರುಗಳ ಮುಂದೆ ತೋರಿಸಲು ಅವರಿಗೆ ನಾಚಿಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ವರ್ಷಗಟ್ಟಲೆ ಬೆನ್ನಿಗೆ ಚಿಕಿತ್ಸೆ ನಡೆದಿತ್ತು. ಕೀಲಿಗೆ ಮರಗಟ್ಟಿಸುವ ಮದ್ದು ಹಾಕಿ, ಹೋಗಿ ಮೆಟ್ಟಿಲು ಹತ್ತಿ ಬನ್ನಿ ಎಂದೆ. ಹತ್ತಿ ಬಂದವರು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು. ನೋವು ಇರಲಿಲ್ಲ.

ಇದೇ ಪರೀಕ್ಷೆ. ಮದ್ದು ಇಳಿಯುವುದರೊಳಗೆ, ಯಾವ ಕೆಲಸ ಮಾಡಿದರೆ ನೋಯುತ್ತದೋ ಆ ಕೆಲಸವನ್ನೇ ಮಾಡಿ ನೋಡಬೇಕು. ನೋವು ಮಾಯವಾದರೆ ಕಳ್ಳ ಕೀಲಿನೊಳಗೇ ಇದ್ದಾನೆ. ನೋವು ಹಾಗೇ ಇದ್ದರೆ ಬೇರೆ ಕಡೆ ಹುಡುಕಬೇಕು.

ಇದನ್ನು ನನಗೆ ಕಲಿಸಿದವರು ನಮ್ಮ ಆಸ್ಪತ್ರೆಯ ಎಲುಬಿನ ಹಿರಿಯ ಸರ್ಜನ್ನರು. ಅವರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ನಾನು ಸೇರಿದಾಗ ಅವರು ಸೊಂಟದ ಕೀಲಿಗೆ ಬರಿಗೈಯಲ್ಲೇ ಸೂಜಿ ಹಾಕುತ್ತಿದ್ದರು. ಬೆರಳಿಟ್ಟು ನಾಡಿ ನೋಡಿ, ಅಲ್ಲಿಂದ ಆಚೆ ಇಷ್ಟು ಎಂದು ಅಂದಾಜು ಮಾಡಿ ಚುಚ್ಚುವುದು. ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬಂದು, ಸೂಜಿ ಹೋಗುವುದು ಪರದೆಯ ಮೇಲೆ ಕಾಣುವಂತಾದಾಗ ಅವರಿಗೆ ಅದು ಹಿಡಿಸಲಿಲ್ಲ. ಕೈಗೆ ಕಾಣದ್ದು ಟಿ.ವಿ.ಗೆ ಕಾಣುತ್ತಾ ಎಂದರು. ಒಂದು ದಿನ ನಾನು ಹಟ ಹಿಡಿದು, ಅವರು ಸೂಜಿ ಹಾಕಿದ ಮೇಲೆ ಸ್ವಲ್ಪ ಬಣ್ಣದ ಮದ್ದು ಬಿಟ್ಟು ಪರದೆ ನೋಡೋಣ ಎಂದೆ. ಮದ್ದು ಕೀಲಿನೊಳಗೆ ಹೋಗಿರಲಿಲ್ಲ, ಹೊರಗೆ ಮಾಂಸದಲ್ಲಿ ಹರಡಿತ್ತು. ಅವರು ಪರದೆಯನ್ನು ನೋಡಿದರು, ಸೂಜಿ ತೆಗೆದರು, ಹೊರಗೆ ಹೋಗಿ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಕಟ್ಟಿಕೊಂಡು ಬಂದು, ಮತ್ತೆ ಹಾಕಿದರು. ಅಂಥ ವಯಸ್ಸಿನಲ್ಲಿ, ಅಂಥ ಹೆಸರಿರುವವರು, ಎಲ್ಲರ ಎದುರು. ನಾನು ಅವರ ಮೇಲೆ ಎಷ್ಟೋ ಸಲ ಒಳಗೊಳಗೇ ಕುದಿದಿದ್ದೇನೆ, ಆದರೆ ಆ ದಿನ ಅವರ ಮೇಲೆ ಹುಟ್ಟಿದ ಗೌರವ ಇನ್ನೂ ಹಾಗೇ ಇದೆ.

ಆಮೇಲೆ ಅಲ್ಟ್ರಾಸೌಂಡು ಬಂತು. ಏಪ್ರನ್ನಿನ ಭಾರ ಹೋಯಿತು. ಈಗಿನವರಿಗೆ ಸೂಜಿಯ ತುದಿ ಕೀಲನ್ನು ಮುಟ್ಟುವುದು ಕಣ್ಣೆದುರಿಗೇ ಕಾಣುತ್ತದೆ. ಕಾಣುತ್ತದೆ ಎಂದು ಬೀಗಬೇಡಿ. ಸೂಜಿ ಸರಿಯಾದ ಜಾಗಕ್ಕೆ ಹೋಗಿ, ಮದ್ದೂ ಸರಿಯಾಗಿದ್ದು, ಆಮೇಲೂ ಎಲ್ಲ ಕೆಡಬಹುದು. ನಮ್ಮ ಜೂನಿಯರ್ ಒಬ್ಬ ಭದ್ರಾವತಿಯ ಬೇಕರಿ ಯಜಮಾನರಿಗೆ ಸೊಗಸಾಗಿ ಸೂಜಿ ಹಾಕಿದ. ಅವರಿಗೆ ಸಕ್ಕರೆ ಕಾಯಿಲೆ. ಸ್ಟೆರಾಯ್ಡು ಹೋದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ ಎಂದು ಹೇಳುವುದನ್ನು ಮರೆತ. ಮನೆಯವರು ಸಕ್ಕರೆ ನೋಡಿದ್ದೇ, ಕದ್ದು ಬಾದಾಮ್ ಪುರಿ ತಿಂದಿದ್ದೀರಿ ಎಂದು ಅವರನ್ನು ಸ್ವಂತ ಬೇಕರಿಗೇ ಕಾಲಿಡದ ಹಾಗೆ ಮಾಡಿದರು. ಆ ಮನುಷ್ಯ ದೇವರ ಮೇಲೆ ಆಣೆ ಇಟ್ಟರೂ ಹೆಂಡತಿ ನಂಬಲಿಲ್ಲ. ಕೊನೆಗೆ ನಾನೇ ಫೋನು ಮಾಡಿ ಬಿಡಿಸಬೇಕಾಯಿತು.

ನಗು ಬರುವಂಥವು ಇನ್ನೂ ಇವೆ. ಆದರೆ ನಾನು ಬರೆಯಲು ಕೂತದ್ದು ಮುರುಗೇಶನ ಬಗ್ಗೆ.

ಮುರುಗೇಶ ಭದ್ರಾವತಿಯವನು. ಅವನಪ್ಪ ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಇವನು ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಅಚ್ಚು ಮಾಡುವವನು. ಕರಗಿದ ಕಬ್ಬಿಣ ಹೊಯ್ಯಲು ಮಣ್ಣಿನಲ್ಲಿ ಅಚ್ಚು ಮಾಡಬೇಕಲ್ಲ, ಆ ಕೆಲಸ. ಬೆಳಗಿನಿಂದ ಸಂಜೆಯವರೆಗೂ ಕುಕ್ಕರಗಾಲಲ್ಲಿ ನೆಲದ ಮೇಲೆ ಕೂತು ಮಣ್ಣು ತುಂಬಿ ಗುದ್ದುವುದು. ಹದಿಹರೆಯದಿಂದ ಹಾಗೆ ಕೂತವನಿಗೆ ನಲವತ್ತರೊಳಗೇ ಬಲಗಡೆ ಕೀಲು ಹಿಡಿದುಕೊಂಡಿತು. ಕಾರ್ಮಿಕರ ವಿಮೆಯಲ್ಲಿ ಬೆಂಗಳೂರಿಗೆ ಹೋಗಿ ಆರ್ತ್ರೋಸ್ಕೋಪಿ ಮಾಡಿಸಿಕೊಂಡು ಬಂದ. ತಿಂಗಳುಗಳು ಕಳೆದವು, ನಡೆದರೆ ಪರವಾಗಿಲ್ಲ, ಕುಕ್ಕರಗಾಲಲ್ಲಿ ಕೂತರೆ ಪ್ರಾಣ ಹೋಗುವ ನೋವು.

ಅವನ ಜೊತೆ ಹೆಂಡತಿ ಸೆಲ್ವಿ ಬರುತ್ತಿದ್ದಳು. ಮಾತೆಲ್ಲ ಅವಳದೇ. ಗಂಡನ ನೋವಿಗಿಂತ ಅವಳನ್ನು ಸುಡುತ್ತಿದ್ದದ್ದು ಫೌಂಡ್ರಿಯ ಮಾತು. ಅಲ್ಲಿಯ ಮೇಸ್ತ್ರಿ ನಂಜಪ್ಪ ಎಂಬವರು, ಮುರುಗೇಶನಿಗೆ ಕೆಲಸ ಕಲಿಸಿದವರೇ, ಎಲ್ಲರ ಎದುರು "ಕುಣಿಯೋಕ್ ಆಗ್ದವಳು ನೆಲ ಡೊಂಕು ಅಂದ್ಲಂತೆ" ಎಂದಿದ್ದರಂತೆ. ಕೂತು ಸಂಬಳ ತಿನ್ನುವ ರುಚಿ ಹತ್ತಿದವನಿಗೆ ಯಾವ ಆಪರೇಷನ್ನೂ ನಾಟುವುದಿಲ್ಲ ಎಂದೂ ಹೇಳಿದ್ದರಂತೆ. ಯಜಮಾನರು ಕೆಟ್ಟವರಲ್ಲ, ಆದರೆ ದೀಪಾವಳಿಯ ಹೊತ್ತಿಗೆ ಬರುತ್ತೀಯೋ ಬಿಡುತ್ತೀಯೋ ಹೇಳು ಎಂದಿದ್ದರು. ಇದನ್ನೆಲ್ಲ ಅವಳು ಹೇಳುವಾಗ ಮುರುಗೇಶ ಕೈಯ ಉಗುರು ನೋಡುತ್ತಾ ಕೂತಿರುತ್ತಿದ್ದ. ಉಗುರಿನ ಸಂದಿಯಲ್ಲಿ ಆ ಕಪ್ಪು ಮಣ್ಣು ಅಷ್ಟು ತಿಂಗಳ ರಜೆಯ ಮೇಲೂ ಹಾಗೇ ಇತ್ತು.

ಬೆಂಗಳೂರಿನ ಸರ್ಜನ್ನರ ಜೊತೆ ಮಾತಾಡಿದೆ. ಕ್ಯಾಮೆರಾ ಇಳಿಸಿದಾಗಲೇ ಕೀಲಿನ ಮೆತ್ತೆ ಒಂದು ಕಡೆ ಸವೆದಿರುವುದು ಅವರಿಗೆ ಕಂಡಿತ್ತು. ಈಗಿನ ನೋವು ಆ ಸವೆತದ್ದೇ ಆದರೆ ಮತ್ತೆ ಕ್ಯಾಮೆರಾ ಹಾಕಿ ಹೆಚ್ಚು ಪ್ರಯೋಜನವಿಲ್ಲ, ಇವತ್ತಲ್ಲ ನಾಳೆ ಕೀಲನ್ನೇ ಬದಲಾಯಿಸಬೇಕು, ಬದಲಾಯಿಸಿದರೂ ಕುಕ್ಕರಗಾಲಲ್ಲಿ ಕೂರುವ ಕೆಲಸ ಅಲ್ಲಿಗೆ ಮುಗಿಯಿತು. ನೋವು ಕೀಲಿನದಲ್ಲದೆ ಸುತ್ತಲಿನ ಸ್ನಾಯುವಿನದೋ ಬೆನ್ನಿನದೋ ಆಗಿದ್ದರೆ, ಕೆಲವು ತಿಂಗಳು ವ್ಯಾಯಾಮ ಮಾಡಿಸಿ ಅವನನ್ನು ಅವನ ಕೆಲಸಕ್ಕೆ ವಾಪಸ್ ಕಳಿಸಬಹುದು. ಯಾವುದು ಎಂದು ಹೇಳುವ ಕೆಲಸ ನನ್ನ ಮೇಲೆ ಬಿತ್ತು.

ಹೀಗಾಗಿ ಮೊದಲ ಇಂಜೆಕ್ಷನ್ ಹಾಕಿದೆ, ಎರಡೂ ಮದ್ದು ಸೇರಿಸಿ. ಮನೆಗೆ ಹೋದ ಕೂಡಲೇ ಕೂತು ನೋಡು, ನೋವಿದೆಯಾ ಇಲ್ಲವಾ ಹೇಳು ಎಂದು ಮೇಜಿನ ಮೇಲೆ ಮಲಗಿದ್ದಾಗಲೇ ಹೇಳಿದ್ದೆ. ತಿಂಗಳು ಬಿಟ್ಟು ಬಂದರು. ಹೇಗಿತ್ತು ಎಂದೆ. ಸೆಲ್ವಿ ಹೆಮ್ಮೆಯಿಂದ ವರದಿ ಒಪ್ಪಿಸಿದಳು. ಆಸ್ಪತ್ರೆಯಿಂದ ಆಟೋದಲ್ಲಿ ಮಲಗಿಸಿಕೊಂಡು ಹೋದದ್ದು, ಎರಡು ದಿನ ಕಾಲು ನೆಲಕ್ಕೆ ತಾಗಿಸಲು ಬಿಡದೆ ಇದ್ದದ್ದು, ಮೆಣಸಿನ ರಸಂ, ಮೆತ್ತಗಿನ ಅನ್ನ, ಗಾಳಿ ತಾಗದಂತೆ ಕಿಟಕಿಗೆ ಸೀರೆ ಕಟ್ಟಿದ್ದು. ಹಸಿ ಬಾಣಂತಿಗೂ ಅಷ್ಟು ಆರೈಕೆ ಮಾಡುವುದಿಲ್ಲ.

"ಕೂತು ನೋಡಿದ್ಯಾ ಇಲ್ವಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಇವಳು ಏಳಕ್ಕೇ ಬಿಡ್ಲಿಲ್ಲ."

"ಮಲಗಿದ್ದಾಗ ನೋವಿತ್ತಾ?"

"ಮಲಗಿದ್ರೆ ನಂಗೆ ಯಾವತ್ತೂ ನೋವಿಲ್ಲ ಮೇಡಂ" ಎಂದ.

ನನ್ನ ಬಾಯಿ ಶುರುವಾಯಿತು. ಪರೀಕ್ಷೆಗೆ ಅಂತ ಹಾಕಿದ ಮದ್ದನ್ನು ರಸಂ ಅನ್ನ ತಿಂದು ಮಲಗಿ ಹಾಳುಮಾಡಿದಿರಲ್ಲ ಎಂದು ಇಬ್ಬರಿಗೂ ಚೆನ್ನಾಗಿ ಬೈದೆ. ಸೆಲ್ವಿ ಕಣ್ಣಲ್ಲಿ ನೀರು ತುಂಬಿಕೊಂಡು, ಬಾಗಿಲ ಹತ್ತಿರ ಸಿಸ್ಟರೇ ಎರಡು ದಿನ ರೆಸ್ಟು ಅಂದರಲ್ಲ ಎಂದಳು. ಸಿಸ್ಟರನ್ನು ಕರೆಸಿದೆ. ಅವಳು ಪಾಪ, "ಎಲ್ರಿಗೂ ಅದೇ ಅಲ್ವಾ ಮೇಡಂ ಹೇಳೋದು?" ಎಂದಳು. ನಿಜ, ಎಲ್ಲರಿಗೂ ಅದನ್ನೇ ಹೇಳುತ್ತಿದ್ದರು. ನಮ್ಮ ಜನರಿಗೆ ಇಂಜೆಕ್ಷನ್ ಎಂದ ಮೇಲೆ ರೆಸ್ಟು, ರೆಸ್ಟು ಎಂದ ಮೇಲೆ ಪಥ್ಯ. ಡಾಕ್ಟರು ಕೂತು ನೋಡು ಎಂದದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು, ಮಲಗಿರು ಎಂದದ್ದು ಮಾತ್ರ ಎದೆಗೆ ಇಳಿಯಿತು. ಸ್ಟೆರಾಯ್ಡಿನಿಂದ ಎರಡು ಮೂರು ವಾರ ನೋವು ಕಡಿಮೆ ಇತ್ತು ಎಂದ, ಆದರೆ ಅದು ಮದ್ದಿನಿಂದಲೋ ಮಲಗಿದ್ದರಿಂದಲೋ ಯಾರು ಹೇಳಬೇಕು? ಅಂದಿನಿಂದ ಇಂಥ ರೋಗಿಗಳು ಹೊರಡುವಾಗ ಬಾಗಿಲಲ್ಲಿ ನಾನೇ ನಿಂತು, ಹೋಗಿ ಏನೇನು ಮಾಡಬೇಕು ಎಂದು ಅವರ ಬಾಯಲ್ಲೇ ಹೇಳಿಸಿ ಕಳಿಸತೊಡಗಿದೆ. ನೀವೂ ಹಾಗೆ ಮಾಡಿ.

ಸ್ಟೆರಾಯ್ಡನ್ನು ಮೇಲಿಂದ ಮೇಲೆ ಹಾಕುವ ಹಾಗಿಲ್ಲ. ಕೆಲವು ವಾರ ಬಿಟ್ಟು, ಬರೀ ಮರಗಟ್ಟಿಸುವ ಮದ್ದನ್ನು ಹಾಕಿ ನೋಡುವುದೆಂದು ನಿರ್ಧರಿಸಿದೆ. ಕೂರಿಸಿ ಬಿಡಿಸಿ ಹೇಳಿದೆ. ಇದು ಚಿಕಿತ್ಸೆ ಅಲ್ಲ, ಮಧ್ಯಾಹ್ನಕ್ಕೆಲ್ಲ ಇಳಿದುಹೋಗುತ್ತದೆ, ನೋವು ಎಲ್ಲಿಯದು ಎಂದು ತಿಳಿಯಲು ಮಾತ್ರ. ಕೀಲಿನದಾದರೆ ಏನಾಗುತ್ತದೆ, ಅಲ್ಲದಿದ್ದರೆ ಏನು ಮಾಡಬಹುದು ಎಂಬುದನ್ನೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಮಲಗಿದ್ದವನು, ನಾನು ಅಲ್ಟ್ರಾಸೌಂಡಿನ ಹಿಡಿಯನ್ನು ಕಾಲಿನ ಮೇಲಿಡುವಾಗ, "ಗುಡ್ಡೇಕಲ್ಲು ದೇವಸ್ಥಾನಕ್ಕೆ ಹರಕೆ ಹೊತ್ತಿದೀನಿ ಮೇಡಂ, ಈ ಸಲ ನೋವು ಪೂರ್ತಿ ಹೋಗ್ಬಿಡ್ಬೇಕು" ಎಂದ.

ನಾನು ಬೆಳಿಗ್ಗೆ ದೀಪ ಹಚ್ಚುವಾಗ ಬೇಡಿಕೊಂಡದ್ದು ನೋವು ಹೋಗದಿರಲಿ ಎಂದು. ಹೋಗದಿದ್ದರೆ ತಾನೆ ನೋವು ಕೀಲಿನದಲ್ಲ ಎಂದಾಗಿ ಅವನ ಕೆಲಸ ಉಳಿಯುವುದು. ನಾನು ಬಿಡಿಸಿ ಹೇಳಿದ್ದೆಲ್ಲ ಅವನಿಗೆ ಅರ್ಥವಾಗಿತ್ತೋ ಇಲ್ಲವೋ ಗೊತ್ತಿಲ್ಲ, ನೋವಿರುವ ಮನುಷ್ಯನಿಗೆ ನೋವು ಹೋಗದಿರಲಿ ಎಂದು ಹರಕೆ ಹೊರು ಎಂದು ಯಾರು ಹೇಳುತ್ತಾರೆ? ಮದ್ದು ಹಾಕಿದೆ.

ಸ್ವಲ್ಪ ಹೊತ್ತು ಬಿಟ್ಟು ಕಾಲಿನ ಬಲ ನೋಡಿ, ಕಾರಿಡಾರಿನಲ್ಲಿ ನಡೆಸಿದೆ. ಕೂರಲು ಹೇಳಿದರೆ ಕೂರಲಿಲ್ಲ. ನುಣ್ಣನೆಯ ಟೈಲ್ಸು, ಸುತ್ತ ನಿಂತು ನೋಡುವ ಜನ, ಮೈಮೇಲೆ ಆಸ್ಪತ್ರೆಯ ಅಂಗಿ. ಅರ್ಧ ಬಗ್ಗಿ ಎದ್ದುಬಿಟ್ಟ. "ಇಲ್ಲಿ ಕೂತ್ರೆ ಏನು ಗೊತ್ತಾಗತ್ತೆ ಮೇಡಂ. ಬಾಕ್ಸ್ ಮುಂದೆ ಕೂತು ಗುದ್ದಿದ್ರೇನೇ ಅದು ಬರೋದು" ಎಂದ. ಅವನ ಮಾತು ಸರಿಯಾಗಿತ್ತು. ಶನಿವಾರ ನಾನು ಭದ್ರಾವತಿಯ ಒಂದು ನರ್ಸಿಂಗ್ ಹೋಮಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದೆ, ಮಾಚೇನಹಳ್ಳಿ ದಾರಿಯಲ್ಲೇ. ನಡಿ, ಕಾರು ಹತ್ತು ಎಂದೆ. ಸೆಲ್ವಿಯೂ ಹತ್ತಿದಳು. ದಾರಿಯುದ್ದಕ್ಕೂ ಅವಳು ಇವತ್ತು ಮಂಡಿ ಎತ್ತಿ ಕಾರು ಹತ್ತಿದ್ದನ್ನು ನೋಡಿದಿರಾ ಅಮ್ಮ ಎಂದು ಕೇಳುತ್ತಲೇ ಇದ್ದಳು. ನಾನು ರಸ್ತೆ ನೋಡುತ್ತಿದ್ದೆ.

ಫೌಂಡ್ರಿಯ ಶೆಡ್ಡಿನಲ್ಲಿ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ನೆಲವೆಲ್ಲ ಕಪ್ಪು ಮಣ್ಣು, ಸಾಲಾಗಿ ಕಬ್ಬಿಣದ ಚೌಕಟ್ಟುಗಳು. ಆ ಚೌಕಟ್ಟುಗಳನ್ನೇ ಅವರು ಬಾಕ್ಸು ಎನ್ನುವುದು. ಅವತ್ತು ಕಬ್ಬಿಣ ಹೊಯ್ಯುವ ದಿನವಾಗಿರಲಿಲ್ಲ, ಮೂರ್ನಾಲ್ಕು ಜನ ಅಚ್ಚು ಮಾಡುತ್ತಾ ಕೂತಿದ್ದರು. ನಂಜಪ್ಪನವರು ಬಂದರು. ಬಿಳಿ ಮೀಸೆ, ಗಟ್ಟಿ ಆಳು. ನಾನು ಯಾರು, ಯಾಕೆ ಬಂದಿದ್ದೇನೆ ಎಂದು ಹೇಳಿದೆ. ಅವರು ಮುರುಗೇಶನನ್ನು ಮೇಲಿಂದ ಕೆಳಗೆ ನೋಡಿ, ಖಾಲಿ ಇದ್ದ ಒಂದು ಜಾಗಕ್ಕೆ ಕೈ ತೋರಿಸಿದರು. ಅದು ಮೊದಲಿನಿಂದ ಅವನದೇ ಜಾಗವಂತೆ.

ಅವನು ಪ್ಯಾಂಟು ಮಡಚಿ ಕೂತ. ಪೂರ್ತಿ ಕೂತ, ಹಿಮ್ಮಡಿ ನೆಲಕ್ಕೆ ತಾಗಿತು. ಎರಕ ಹೊಯ್ಯಬೇಕಾದ ಭಾಗದ ಮರದ ಮಾದರಿಯನ್ನು ಬಾಕ್ಸಿನ ನಡುವೆ ಇಟ್ಟು, ಅದರ ಮೇಲೆ ಜರಡಿಯಲ್ಲಿ ನಯವಾದ ಮಣ್ಣು ಉದುರಿಸಿ, ಬೆರಳಲ್ಲಿ ಮೂಲೆಮೂಲೆಗೆ ಒತ್ತಿ, ಮೇಲೆ ಗುಡ್ಡೆ ಹಾಕಿ ಗುದ್ದತೊಡಗಿದ. ಗುದ್ದುವಾಗ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಭಾರ ಹೊರಳಿಸುತ್ತಾ ಬಾಕ್ಸಿನ ಸುತ್ತ ಸರಿಯುತ್ತಿದ್ದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮುಖ ಹಿಂಡಲಿ, ತುಟಿ ಕಚ್ಚಲಿ, ಒಂದು ಸಲ ನಿಂತು ತೊಡೆ ಹಿಡಿದುಕೊಳ್ಳಲಿ ಎಂದು ಕಾದೆ. ಏನೂ ಆಗಲಿಲ್ಲ. ಬಾಕ್ಸು ಮಗುಚಿ ಹಾಕಿದ, ಮಾದರಿಯನ್ನು ಮೆಲ್ಲಗೆ ತಟ್ಟಿ ನೆಟ್ಟಗೆ ಮೇಲೆತ್ತಿದ. ಮಣ್ಣಿನಲ್ಲಿ ಅಚ್ಚು ಒಂದು ಕಣವೂ ಮುರಿಯದೆ ಕೂತಿತ್ತು. ಪಕ್ಕದಲ್ಲಿ ಕೂತಿದ್ದವರು ಕೆಲಸ ನಿಲ್ಲಿಸಿ ನೋಡಿದರು.

"ಏನೂ ಇಲ್ಲ ಮೇಡಂ" ಎಂದ. "ಒಂಚೂರೂ ಇಲ್ಲ."

ಸೆಲ್ವಿ ಎರಡೂ ಕೈ ಬಾಯಿಗೆ ಹಿಡಿದು ನಗುತ್ತಿದ್ದಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಸಾವಿನ ಸುದ್ದಿ ಹೇಳಿದ್ದೇನೆ, ಮೇಜಿನ ಮೇಲೆ ಹೋದವರ ಮನೆಯವರ ಎದುರು ನಿಂತಿದ್ದೇನೆ. ನಗುವವರ ಎದುರು ನಿಂತು ಕೆಟ್ಟ ಸುದ್ದಿ ಹೇಳುವ ಪ್ರಸಂಗ ಬಂದಿರಲಿಲ್ಲ.

ನಂಜಪ್ಪನವರು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ಸೂಜಿ ಹಾಕಿದ್ರೆ ಹಿಂಗೆ ಕೂರ್ತಾನೆ ಅಂದ್ರೆ, ಅವನಿಗೆ ಇದ್ದ ನೋವು ನಿಜಾನೇನ್ರಮ್ಮ?"

"ನಿಜ. ಕೀಲಿನೊಳಗಿನ ನೋವದು. ಅವನು ಒಂದು ದಿನಾನೂ ನಾಟಕ ಮಾಡಿಲ್ಲ."

ಅದನ್ನು ಗಟ್ಟಿಯಾಗಿಯೇ ಹೇಳಿದೆ, ಉಳಿದವರಿಗೂ ಕೇಳಲಿ ಎಂದು. ಮುರುಗೇಶನಿಗೂ ಕೇಳಿತು. ಅವನ ಮುಖದ ಮೇಲೆ ಬಂದ ನಿರಾಳವನ್ನು ನಾನು ಸರಿಯಾಗಿ ನೋಡುವ ಮೊದಲೇ ಅದು ಇಳಿದುಹೋಯಿತು. ಆಸ್ಪತ್ರೆಯಲ್ಲಿ ನಾನು ಕೂರಿಸಿ ಹೇಳಿದ್ದು ಅವನಿಗೆ ಆಗ ನೆನಪಾಗಿರಬೇಕು.

"ಕೀಲಿಂದೇನಾ ಮೇಡಂ?"

"ಹೂಂ."

"ಹಂಗಾದ್ರೆ ಈ ಕೆಲ್ಸ ಆಗಲ್ಲ."

"ಆಗಲ್ಲ ಮುರುಗೇಶ. ನಿಂತು ಮಾಡೋ ಕೆಲಸ ಯಾವುದಾದ್ರೂ ಮಾಡಬಹುದು. ಇದು ಬೇಡ."

ಸೆಲ್ವಿ ನಗು ನಿಲ್ಲಿಸಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ಈಗ ತಾನೆ ಕೂತನಲ್ಲ, ನೋವಿಲ್ಲ ಅಂದನಲ್ಲ ಎಂದು ಕೇಳಿದಳು. ಅವನೇ ಅವಳಿಗೆ ತಮಿಳಿನಲ್ಲಿ ಏನೋ ಹೇಳಿದ, ಎರಡೇ ಮಾತು. ಅವಳು ಗೋಡೆಗೆ ಒರಗಿ ನಿಂತಳು. ನಂಜಪ್ಪನವರು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಆಚೆ ಹೋಗಿ ನಿಂತರು.

"ಮದ್ದು ಇನ್ನೂ ಎಷ್ಟೊತ್ತು ಇರತ್ತೆ ಮೇಡಂ?" ಎಂದು ಮುರುಗೇಶ ಕೇಳಿದ. ಊಟದ ಹೊತ್ತು ಕಳೆದು ಸ್ವಲ್ಪ ಹೊತ್ತು ಎಂದೆ. ಅವನು ಪಕ್ಕದ ಮಣ್ಣನ್ನು ಕೈಯಲ್ಲಿ ಸರಿಸಿ ಜಾಗ ಮಾಡಿ, "ಸೆಲ್ವಿ, ಬಾ ಇಲ್ಲಿ. ನೀನು ಒಂದ್ಸಲಾನೂ ನೋಡಿಲ್ಲ ಅಲ್ವಾ" ಎಂದು ಕರೆದ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳು ಆ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲವಂತೆ. ಅವಳು ಸೆರಗು ಸುತ್ತಿಕೊಂಡು ಅವನ ಪಕ್ಕದಲ್ಲಿ ಕೂತಳು. ಅವನು ಒಂದು ಹಿಡಿ ಮಣ್ಣು ಅವಳ ಅಂಗೈಗೆ ಹಾಕಿ, ಹಿಂಡು ಎಂದ. ಹಿಂಡಿ ಬಿಟ್ಟಾಗ ಬೆರಳಿನ ಗುರುತು ಉಳಿದರೆ ಹದ ಸರಿ ಇದೆ ಅಂತ ಎಂದು ಹೇಳಿಕೊಟ್ಟ.

ಮರಗಟ್ಟಿದ ಕೀಲಿನ ಮೇಲೆ ಪರೀಕ್ಷೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಭಾರ ಹಾಕಿ ಕೂರಬಾರದು. ನೋವು ಎಚ್ಚರಿಸುವುದಿಲ್ಲವಾದ್ದರಿಂದ ಇನ್ನಷ್ಟು ಸವೆಯಬಹುದು. ಎಬ್ಬಿಸುವುದು ನನ್ನ ಧರ್ಮ, ಮನಸ್ಸಾಗಲಿಲ್ಲ. ಇನ್ನೊಂದು ಬಾಕ್ಸು, ಆಮೇಲೆ ಎದ್ದು ಮನೆಗೆ ಹೋಗು, ನೋವು ವಾಪಸ್ ಬಂದ ಕೂಡಲೇ ನನಗೆ ಫೋನು ಮಾಡು ಎಂದಷ್ಟೇ ಹೇಳಿ ಹೊರಟೆ. ನನಗೂ ಹೊತ್ತಾಗಿತ್ತು.

ಭದ್ರಾವತಿಯಲ್ಲಿ ಅವತ್ತು ತುಂಬ ಜನ. ಯಾರದೋ ಮಂಡಿಯನ್ನು ಬಗ್ಗಿಸಿ ನೋಡುತ್ತಿರುವಾಗ ಫೋನು ಬಂತು.

"ಬಂತು ಮೇಡಂ" ಎಂದ.

"ಎಲ್ಲಿದೀಯ?"

"ಇಲ್ಲೇ, ಫೌಂಡ್ರಿನಲ್ಲೇ. ಎದ್ದೇ ಇಲ್ಲ."

ಒಂದು ಬಾಕ್ಸು ಎಂದು ಹೇಳಿದ್ದೆನಲ್ಲ ಮಾರಾಯ ಎಂದು ಗದರಲು ಬಾಯಿ ತೆರೆದೆ. ಜೀವಮಾನವೆಲ್ಲ ಬೈದುಕೊಂಡೇ ಬಂದವಳು ಆ ಹೊತ್ತು ಬೈಯದೆ, ಹಿಡಿದಿದ್ದ ಮಂಡಿಯನ್ನು ಮೆಲ್ಲಗೆ ಕೆಳಗಿಟ್ಟೆ. ಎಷ್ಟು ಬಾಕ್ಸು ಮಾಡಿದೆ ಎಂದೂ ಕೇಳಲಿಲ್ಲ. ಆ ಕಡೆಯಿಂದ ಸೆಲ್ವಿ ಏನೋ ಹೇಳುವುದು ಕೇಳಿಸಿತು, ಮಣ್ಣಿನ ಮೇಲೆ ಯಾರೋ ಹತ್ತಿರ ಬಂದ ಸದ್ದೂ ಕೇಳಿಸಿತು.

"ಮೆಲ್ಲಗೆ ಏಳು" ಎಂದೆ.

"ಏಳಕ್ಕೆ ಆಗ್ತಿಲ್ಲ ಮೇಡಂ" ಎಂದ. "ಇರಿ, ಮೇಸ್ತ್ರಿ ಎತ್ಕೋತಿದಾರೆ."